ಜೋಡಿ ಟ್ರಾಲಿ ಹೊರಳುವ ದಾರಿ

"ಜ್ಞಾನೂ, ಗಡ್ಡಿ ಮೂಡಣ ಕಡೆ ಉಸುಕು ಇನ್ನ ಮ್ಯಾಲ ನಿನ್ನ ಮನಿತನದ್ದು. ನೀವು ಬಿತ್ತಕೋತ ಇರೂಮಟಾ ನಮ್ಮ ಮನಿಯವರು ಯಾರೂ ಅಲ್ಲಿ ಒಂದ ಗೂಟಾ ಸುದ್ದಾ ಹೊಡ್ಯಾಂಗಿಲ್ಲ. ಕಾಗದಾ ಬ್ಯಾಡ. ಇದು ಬಾಬಾಸಾಹೇಬನ ಮಾತು."

ಎರಡು ಸಾವಿರದ ಐದರ ಮಹಾಪೂರದಲ್ಲಿ, ಗುಡಿಯ ಕಟ್ಟೆಯ ಮೇಲೆ ತೊಯ್ದು ತೊಪ್ಪೆಯಾಗಿ ನಿಂತು ಧಣಿ ಬಾಬಾಸಾಹೇಬ ತಮ್ಮ ಆಳು ಜ್ಞಾನದೇವನಿಗೆ ಆಡಿದ ಮಾತದು. ಅವರ ಹೆಂಡತಿ ಕಸ್ತೂರೆವ್ವನೂ ಎಂಟು ವರ್ಷದ ಮಗ ಅಮೋಲನೂ ತೋಟದ ಮನೆಯಲ್ಲಿ ಸಿಕ್ಕಿಬಿದ್ದಿದ್ದರು. ಊರಿನ ಎರಡೂ ದೋಣಿಗಳು ಆಚೆ ದಂಡೆಯಲ್ಲಿದ್ದವು. ಅವರ ಹೊಲದಲ್ಲಿ ದುಡಿಯುತ್ತಿದ್ದ ಜ್ಞಾನದೇವ ಗಾಣದ ಮನೆಗೆ ಈಜಿ, ಬೆಲ್ಲ ಕುದಿಸುವ ದೊಡ್ಡ ಕೊಪ್ಪರಿಗೆಯನ್ನು ಒಲೆಯಿಂದ ಎಬ್ಬಿಸಿ ನೀರಿಗೆ ಬಿಟ್ಟ. ತಾಯಿ ಮಗನನ್ನು ಅದರಲ್ಲಿ ಕೂಡಿಸಿ, ಅಂಚು ಹಿಡಿದು ಈಜುತ್ತ, ಕಬ್ಬಿನ ತುದಿಗಳ ಮೇಲಿಂದ ಅರ್ಧ ಮೈಲು ತಂದು ದಂಡೆಗೆ ಹಚ್ಚಿದ. ಬಾಬಾಸಾಹೇಬ ಆ ಮಾತು ಕೊಟ್ಟದ್ದು ಆಗಲೇ.

ಮಾತಿನಲ್ಲಿ ಬಂದ ಗಡ್ಡಿ ಎಂದರೆ ಕೃಷ್ಣಾ ಹೊಳೆಯ ನಡುವಿನ ನಡುಗಡ್ಡೆ. ಈಚೆಗೆ ರಾಯಬಾಗ ತಾಲೂಕು, ಆಚೆಗೆ ಅಥಣಿ ತಾಲೂಕು. ಪಡುವಣಕ್ಕೆ ಬಾಬಾಸಾಹೇಬರ ಮಣ್ಣಿನ ದಿಬ್ಬ, ಮೂಡಣಕ್ಕೆ ಬರೀ ಉಸುಕು. ಹೊಳೆ ಇಳಿದ ಮೇಲೆ ಜ್ಞಾನದೇವ ಆ ಉಸುಕಿನಲ್ಲಿ ಕುಣಿ ತೋಡಿ, ಗೊಬ್ಬರ ತುಂಬಿ, ಕಲ್ಲಂಗಡಿ ಬೆಳೆಯುತ್ತಿದ್ದ. ಮೊದಲು ಅದರಲ್ಲಿ ಅರ್ಧ ಪಾಲು ಧಣಿಗಳದು. ಆ ದಿನದಿಂದ ಪೂರ್ತಿ ಅವನದೇ ಆಯಿತು. ಆರು ವರ್ಷದ ಕೆಳಗೆ ಜ್ಞಾನದೇವ ತೀರಿಕೊಂಡ. ಅವನ ಹೆಂಡತಿ ಅಕ್ಕುತಾಯಿ ಒಂದು ಸುಗ್ಗಿಯನ್ನೂ ತಪ್ಪಿಸದೆ ಕುಣಿ ತೋಡುತ್ತಲೇ ಬಂದಳು. ಅವಳಿಗೆ ಬೇರೆ ಭೂಮಿಯಿರಲಿಲ್ಲ.

ಹೋದ ಡಿಸೆಂಬರಿನಲ್ಲಿ ಅಮೋಲ ಚಿಕ್ಕೋಡಿಗೆ ಬಂದ. ಜ್ಞಾನದೇವನ ಮಗಳು ಸಾರಿಕಾ ಅಲ್ಲಿ ಬಸ್‌ಸ್ಟ್ಯಾಂಡಿನ ಎದುರು, ಝೆರಾಕ್ಸ್ ಅಂಗಡಿಯ ಮೇಲಿನ ಖೋಲಿಯಲ್ಲಿ ಮನೆಗಳ ನಕ್ಷೆ ಬರೆಯುತ್ತಿದ್ದಳು. ಸಿವಿಲ್ ಡಿಪ್ಲೊಮಾ ಮುಗಿಸಿ ಹನ್ನೆರಡು ವರ್ಷವಾಗಿತ್ತು. ಮುಂದೆ ಎರಡು ಶಟರ್, ಹಿಂದೆ ಅಡಿಗೆಮನೆ, ಮೇಲೆ ನೀರಿನ ಟಾಕಿ: ಅಂಥ ನಕ್ಷೆ ಅವಳ ಕೈಯಿಂದ ನಾನೂರಾದರೂ ಇಳಿದಿರಬೇಕು.

"ಸಾರಿಕಕ್ಕಾ, ಗಡ್ಡಿ ದಿಬ್ಬದ ಮ್ಯಾಲ ಒಂದ ಕ್ಯಾಬಿನ್ ಮಾಡೂದೈತಿ," ಎಂದ ಅಮೋಲ, ಕುರ್ಚಿಯ ಧೂಳು ಝಾಡಿಸಿ ಕೂತು. "ಕರೆಂಟಿನ ತಂತಿ ಇಲ್ಲ, ಬೋರ್ ಇಲ್ಲ. ಸೋಲಾರ್, ಮಳಿನೀರು, ಅಷ್ಟ. ಪುಣೆ ಮಂದಿ ಬಂದು ಎರಡ ದಿನಾ ಸುಮ್ಮ ಹೊಳಿ ನೋಡಕೋತ ಕುಂತು ಹೋಗಬೇಕು. ಇಕೋ ರಿಟ್ರೀಟ್ ಅಂತಾರಲ್ಲ, ಅದು. ಕೊಂಕಣದಾಗ ನೋಡಿ ಬಂದೇನಿ."

"ಸುಮ್ಮ ಕುಂತು ಹೋಗಾಕ ಅಷ್ಟ ದೂರ ಬರ್ತಾರೇನ್ರಿ?"

"ನಮ್ಮೂರಾಗ ಸುಮ್ಮ ಕುಂತಾವಗ ಬೈತೀವಿ. ಪುಣೆದಾಗ ಅದಕ್ಕ ಬುಕಿಂಗ್ ಮಾಡಬೇಕಾಕ್ಕೈತಿ."

ಸಾರಿಕಾ ನಕ್ಕಳು. ನಕ್ಕ ಬಾಯಿ ಮುಚ್ಚುವ ಮೊದಲೇ ಸಂಶಯ ಒಳಗೆ ಹೊಕ್ಕಿತು. "ಹಾರೂಗೇರ್ಯಾಗ ಇಂಜಿನಿಯರ್ ಇದ್ದಿಲ್ಲೇನ್ರಿ ಅಮೋಲಣ್ಣಾ? ಅವರನ್ನ ದಾಟಿ ಇಲ್ಲೀತನಕ ಬಂದೀರಿ." ತನಗಿಂತ ಐದು ವರ್ಷ ಸಣ್ಣವನನ್ನು ಅಣ್ಣಾ ಎನ್ನುವುದು, ಮಾತಿಗೆ ರಿ ಹಚ್ಚುವುದು ಅವಳ ಮನೆಯ ರೂಢಿ. ಅವನು ಅಕ್ಕಾ ಎನ್ನುತ್ತಲೇ ಏಕವಚನದಲ್ಲಿ ಮಾತಾಡುವುದು ಅವನ ಮನೆಯ ರೂಢಿ.

"ಇದ್ದಾರ, ನಾಕ ಮಂದಿ ಇದ್ದಾರ. ಆದರ ಇದನ್ನ ನೀನ ಬರಿಬೇಕು. ದಾರಿ ಎಲ್ಲಿ ಹಾದ ಹೋಗಬೇಕು, ಎಲ್ಲಿ ಹೋಗಬಾರದು, ನೀನ ಹೇಳಬೇಕು."

ಮದುವೆ ಕಾರ್ಡೊಂದರ ಹಿಂದೆ ಬಾಲ್‌ಪೆನ್ನಿನಲ್ಲಿ ತಾನು ಬರೆದ ಚಿತ್ರವನ್ನು ಮೇಜಿನ ಮೇಲಿಟ್ಟು ಹೋದ. ಅವನ ಮೋಟರ್‌ಸೈಕಲ್ಲಿನ ಸದ್ದು ದೂರವಾದ ಮೇಲೆ ಸಾರಿಕಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ದಿಬ್ಬದ ಮೇಲೆ ಹೆಬ್ಬೆಟ್ಟಿನಷ್ಟು ಕ್ಯಾಬಿನ್. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಷ್ಟೇ ಇರುವ ಮೂಡಣದಿಂದ, ಅವ್ವನ ಉಸುಕಿನ ನಟ್ಟನಡುವೆ ಹಾದು ಮೇಲೇರುವ ದಾರಿ. ದಾರಿಯ ತುದಿಗೆ ಕುಂಬಳಕಾಯಿಯಷ್ಟು ದೊಡ್ಡ ತಿರುವು. ಮೂಲೆಯಲ್ಲಿ ಸಣ್ಣ ಅಕ್ಷರ: "ತಳಪಾಯಾ ೮ ಫೂಟು. ತಗದದ್ದು ಆಚೆ ಸಾಗಸೂದು."

ಬೇರೆ ಸೀಮೆಯ ಇಂಜಿನಿಯರ್ ಆಗಿದ್ದರೆ ಆ ತಿರುವನ್ನು ಮಕ್ಕಳ ಗೀಚು ಎಂದು ಬಿಡುತ್ತಿದ್ದ. ಕಬ್ಬಿನ ಸೀಮೆಯಲ್ಲಿ ಬೆಳೆದವಳಿಗೆ ಹಾಗೆ ಬಿಡುವಂತಿರಲಿಲ್ಲ. ಟ್ರ್ಯಾಕ್ಟರಿನ ಹಿಂದೆ ಎರಡು ಟ್ರಾಲಿ ಹೂಡಿ, ಕಬ್ಬಿನ ಗಳ ತುಂಬಿ, ಹಿಂದಿನ ಟ್ರಾಲಿ ಕಾಲುವೆಗೆ ಬೀಳದಂತೆ ಹೊರಳಬೇಕಾದರೆ ಎಷ್ಟು ಜಾಗ ಬೇಕೋ ಅಷ್ಟೇ ಜಾಗ ಅದು. ಬ್ಯಾಗು ಹಿಡಿದು ನಡೆದುಬರುವ ಪುಣೆಯವರಿಗೆ ಜೋಡಿ ಟ್ರಾಲಿಯ ತಿರುವು ಯಾಕೆ? ದಿಬ್ಬದಲ್ಲಿ ಮಣ್ಣು ಮೇಲಿನ ಎರಡು ಫೂಟಷ್ಟೇ, ಎಂಟು ಫೂಟು ತೋಡಿದರೆ ಬರುವುದು ಉಸುಕು. ಸಾಗಿಸಬೇಕಾದದ್ದೂ ಉಸುಕೇ. ಹೊಳೆಯ ಉಸುಕು ಇವತ್ತು ಯಾರಿಗೆ ಬೇಡ?

ಸಂಜೆ ಮನೆಯಲ್ಲಿ ಗಂಡ ರೂಪೇಶನಿಗೆ ತೋರಿಸಿದಳು. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೈಗೆ ಹತ್ತಿದ ಗ್ರೀಸ್ ಒರೆಸುತ್ತ ನೋಡಿದ.

"ಕ್ಯಾಬಿನ್ ಹುಡುಕಾಕ ಭೂತಗನ್ನಡಿ ಬೇಕಾಕ್ಕೈತಿ. ದಾರಿ ಮಾತ್ರ ಹೈವೇ."

"ಅದಕ್ಕ ಅನ್ನೂದು. ನನ್ನನ್ನ ಯಾಕ ಹುಡಿಕ್ಕೊಂಡ ಬಂದಾನ?"

"ಅದೂ ತಿಳೀಲಿಲ್ಲೇನ? ನಾಳೆ ನಿಮ್ಮವ್ವ ಟ್ರ್ಯಾಕ್ಟರಿಗೆ ಅಡ್ಡ ಮಲಗಿದ್ಲಂದ್ರ, 'ಯಾಕಬೇ, ನಿನ್ನ ಮಗಳ ಬರದ ದಾರಿ' ಅಂದ ಬಿಡ್ತಾರ. ಸಹಿ ನಿಂದು, ಉಸುಕು ಅವರದು."

ರೂಪೇಶ ಚೇಷ್ಟೆಗೆ ಅಂದು ಊಟಕ್ಕೆ ಕೂತ. ಅವಳು ರೊಟ್ಟಿ ಬದಿಗಿಟ್ಟು ಕಾರ್ಡನ್ನು ಮತ್ತೆ ಕೈಗೆತ್ತಿಕೊಂಡಳು.

ಆದರೂ ಕೆಲಸ ಒಲ್ಲೆ ಎನ್ನಲಿಲ್ಲ. ಒಲ್ಲೆ ಎಂದರೆ ಅವನು ಇನ್ನೊಬ್ಬರ ಕಡೆ ಹೋಗುತ್ತಾನೆ, ಆಮೇಲೆ ಏನು ನಡೆದಿದೆ ಎಂಬುದೇ ತಿಳಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಉಳಿದರ್ಧವೆಂದರೆ ಶಟರ್ ಇಲ್ಲದ ಒಂದು ನಕ್ಷೆ ಬರೆಯುವ ಆಸೆ ಅವಳಿಗೆ ಹತ್ತಿಬಿಟ್ಟಿತ್ತು. ಕಾಂಕ್ರೀಟು ಮುಟ್ಟಿಸದೆ ಹನ್ನೆರಡು ಕಂಬದ ಮೇಲೆ ನಿಲ್ಲುವ ಬಿದಿರಿನ ಖೋಲಿ. ಎಲ್ಲ ಜೋಡಣೆಯೂ ಬೋಲ್ಟಿನದು. ಜೂನಿನ ಮಿರಗದ ಮಳೆ ಬೀಳುವ ಮೊದಲು ಬಿಚ್ಚಿ, ದೋಣಿಯಲ್ಲಿ ಹೇರಿ ಊರಿಗೆ ಒಯ್ಯಬೇಕು; ದೀಪಾವಳಿಗೆ ಮತ್ತೆ ಹೂಡಬೇಕು. ಕಬ್ಬು ಕಡಿಯುವವರು ಪ್ರತಿ ವರ್ಷ ತಮ್ಮ ಗುಡಿಸಲನ್ನು ಬಿಚ್ಚಿ ಹೂಡುವುದಿಲ್ಲವೇ, ಹಾಗೆ. ಹೊಲಸು ನೀರು ಹೊಳೆಗೆ ಹರಿಯದಂತೆ, ನೀರಿನ ಬದಲು ಬೂದಿ ಹಾಕುವ ಸಂಡಾಸು. ಉಸುಕಿನ ಕಡೆಗೆ ಕಿಟಕಿಯೇ ಇಲ್ಲ, ಯಾಕೆಂದರೆ ಮಾಘ ಫಾಲ್ಗುಣದಲ್ಲಿ ಆಮೆಗಳು ಅಲ್ಲಿ ತತ್ತಿ ಇಡುತ್ತವೆ, ದೀಪ ಕಂಡರೆ ಮರಿಗಳು ದಾರಿ ತಪ್ಪುತ್ತವೆ. ಇದನ್ನು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅಪ್ಪ ಕಂದೀಲಿಗೆ ಗೋಣಿತಟ್ಟು ಸುತ್ತಿ ಕುಣಿ ಕಾಯುತ್ತಿದ್ದುದನ್ನು ನೋಡಿದ್ದಳು.

ಜನವರಿಯಲ್ಲಿ ಜಾಗ ಅಳೆಯಲು ಹೋದರು. ಕರೆಯದಿದ್ದರೂ ಅಕ್ಕುತಾಯಿ ಎಲ್ಲರಿಗಿಂತ ಮೊದಲೇ ದೋಣಿಯಲ್ಲಿ ಕೂತಿದ್ದಳು, ಕೈಯಲ್ಲಿ ಕುರ್ಚಗಿ. ಅಮೋಲ ಹುಟ್ಟು ಹಾಕಿದ.

"ಕುರ್ಚಗಿ ಯಾಕ ತಂದಿ ಅಕ್ಕುತಾಯಿ? ನಮ್ಮನ್ನ ಕೊಯ್ಯಾಕೇನು?"

"ಹುಲ್ಲ ಕೊಯ್ಯಾಕಪಾ. ನಿನ್ನ ಕೊಯ್ದ ಏನ ಮಾಡ್ಲಿ, ಎಮ್ಮಿ ಸುದ್ದಾ ತಿನ್ನಾಂಗಿಲ್ಲ."

ಅಮೋಲ ಮನಸಾರೆ ನಕ್ಕ. ಇಷ್ಟು ಸಲೀಸಾಗಿ ನಗುವವನನ್ನು ನಂಬಬಾರದು ಅನಿಸಿತು ಸಾರಿಕಾಗೆ.

ದಿಬ್ಬದ ಮೇಲೆ ಟೇಪು ಹಿಡಿದು ಸುಣ್ಣದ ಗೆರೆ ಎಳೆದಳು. ಸಂಡಾಸಿನ ಜಾಗ ತೋರಿಸಿ, ಬೂದಿಯ ವಿಷಯ ಹೇಳಿದಾಗ ಅಕ್ಕುತಾಯಿ ಕುರ್ಚಗಿ ಕೆಳಗಿಟ್ಟಳು.

"ಸುತ್ತ ನಾಕೂ ಕಡೆ ಹೊಳಿ ಹರ್ಯಾಕತ್ತೈತಿ, ನಟ್ಟನಡುವ ಕುಂತು ನೀರಿಲ್ಲದ ಸಂಡಾಸಾ? ಪುಣೆ ಮಂದಿ ಏನ ಪಾಪಾ ಮಾಡ್ಯಾರೋ ಯಪ್ಪಾ!"

ನಗೆಯ ನಡುವೆಯೇ ಸಾರಿಕಾ ಪರೀಕ್ಷೆ ಹೂಡಿದಳು. "ಅಮೋಲಣ್ಣಾ, ತಳಪಾಯಾ ಬ್ಯಾಡರಿ. ಬರೇ ಕಂಬ ಹುಗದ್ರ ಸಾಕು. ಏನೂ ತಗಿಯೂದಿಲ್ಲ, ಏನೂ ಸಾಗಸೂದಿಲ್ಲ."

ಅಮೋಲನ ಮುಖ ಸಣ್ಣಗಾಯಿತು. "ತಗೀದ ಹೆಂಗ ಅಕ್ಕಾ? ತಳಪಾಯಾ ತಗೀಲಿಲ್ಲಂದ್ರ ಮನಿ ನಿಂದರ್ತೈತೇನ? ಎಂಟ ಅಲ್ಲಂದ್ರ ಆರ ಫೂಟರೆ ತಗೀಬೇಕು."

"ತಗದ ಉಸುಕು ಎಲ್ಲಿ ಹಾಕೋರ್ರಿ?"

"ಹಾಕೂದೇನು, ಟ್ರಾಲಿ ಬರ್ತಾವಲ್ಲ, ಒಯ್ತಾವ."

ಅಕ್ಕುತಾಯಿ ಮಗಳ ಕಡೆ ನೋಡಿದಳು. ಮಗಳು ಟೇಪಿನ ಕಡೆ ನೋಡಿದಳು. ದಂಡೆಗಿಳಿದು ಅಮೋಲ ಹೋದ ಮೇಲೆ ಅಕ್ಕುತಾಯಿ ಮಗಳ ರಟ್ಟೆ ಹಿಡಿದಳು.

"ಬಾಯಿಲೆ ಅಂದ ಬಿಟ್ಟಾ ನೋಡು. ಬಾಬಾಸಾಹೇಬ ಅಷ್ಟ ಮಂದಿ ಮುಂದ ಮಾತ ಕೊಟ್ಟಿದ್ದ. ನಿಮ್ಮಪ್ಪ ಹೋದ, ಮಾತೂ ಹೋತು. ನನ್ನ ಉಸುಕು ಹೋತಂದ್ರ ನಾ ಯಾರ ಹೊಲದಾಗ ಕೂಲಿ ನಿಂದರ್ಲಿ ಈ ವಯಸ್ಸಿನ್ಯಾಗ?"

"ಹೋಗಾಕ ಬಿಡಾಂಗಿಲ್ಲ ಯವ್ವಾ."

"ನಿನ್ನ ಕೈಲೆನ ಕೀಳಸಾಕತ್ತಾರು. ನೀ ಏನ ಬಿಡಾಂಗಿಲ್ಲ?"

ಮರುದಿನ ಸಾರಿಕಾ ರಾಯಬಾಗದ ತಾಲೂಕು ಕಚೇರಿಗೆ ಅರ್ಜಿ ಬರೆದಳು. ತಾನೇ ಬರೆದಳು, ತಾನೇ ಟೈಪು ಮಾಡಿದಳು, ಅವ್ವನಿಗಾಗಲಿ ರೂಪೇಶನಿಗಾಗಲಿ ಹೇಳಲಿಲ್ಲ. ಅವ್ವ ಊರೆಲ್ಲ ಡಂಗುರ ಸಾರುತ್ತಾಳೆ, ರೂಪೇಶ ಚೇಷ್ಟೆ ಮಾಡುತ್ತಾನೆ. ನಡುಗಡ್ಡೆಯ ಮೂಡಣಕ್ಕೆ ಕ್ಯಾಬಿನ್ ನೆವದಲ್ಲಿ ಉಸುಕು ಎತ್ತುವ ಸಿದ್ಧತೆ ನಡೆದಿದೆ, ಬಂದು ಅಳತೆ ಮಾಡಿ ತಡೆಯಬೇಕು ಎಂದು ಬರೆದು, ಮದುವೆ ಕಾರ್ಡಿನ ಚಿತ್ರದ ಝೆರಾಕ್ಸ್ ಹಚ್ಚಿದಳು. ಜೋಡಿ ಟ್ರಾಲಿಯ ತಿರುವಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದಳು. ಕಚೇರಿಯ ಗುಮಾಸ್ತ ಅದನ್ನು ನೋಡಿ, ಕೇಳುವುದಕ್ಕೂ ಮೊದಲೇ ತಲೆಯಾಡಿಸಿದ. ಅವನದೂ ಕಬ್ಬಿನ ಊರೇ.

ಹದಿನೈದು ದಿನ ಬಿಟ್ಟು, ನಕ್ಷೆ ತನ್ನಿಂದಾಗದು ಎಂದು ಹೇಳಿ ಕಾರ್ಡು ಮರಳಿಸಲು ಬಾಬಾಸಾಹೇಬರ ಮನೆಗೆ ಹೋದಳು. ಫೋನಿನಲ್ಲಿ ಹೇಳಬಹುದಿತ್ತು. ಅವರ ಮುಖದ ಬಣ್ಣ ಹೇಗೆ ತಿರುಗುತ್ತದೆ ನೋಡಬೇಕಿತ್ತು.

ಬಾಬಾಸಾಹೇಬ ಪಡಸಾಲೆಯಲ್ಲಿ ಕೂತು ಸೀತನಿ ತಿನ್ನುತ್ತಿದ್ದರು. ಕಸ್ತೂರೆವ್ವ ಅವಳ ಉಡಿಗೂ ಒಂದು ಬೊಗಸೆ ಸುರಿದಳು. ಸುಟ್ಟ ಎಳೆಜೋಳದ ಬಿಸಿ ಸೀರೆಯ ಮೂಲಕ ತಾಗಿತು. ಸಾರಿಕಾ ಮಾತಿಗೆ ಬಾಯಿ ತೆರೆಯಬೇಕೆನ್ನುವಾಗ ಎದುರಿನ ಗೋಡೆ ಕಣ್ಣಿಗೆ ಬಿತ್ತು. ಸುಣ್ಣ ಹೊಡೆದ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ದನದ ಕೊಟ್ಟಿಗೆ ಬರೆದಿತ್ತು. ಕೊಟ್ಟಿಗೆಯ ಮುಂದೆ ಕುಂಬಳಕಾಯಿಯಷ್ಟು ತಿರುವು. ಅದರ ಬದಿಗೆ ಆ ಮನೆಯ ಮೊಮ್ಮಗಳ ಜಾವಳದ, ಮೊದಲ ಚೌರದ, ಪೆಂಡಾಲು ಬರೆದಿತ್ತು. ಪೆಂಡಾಲಿನ ಮುಂದೆಯೂ ಅದೇ ತಿರುವು.

"ಇದನ್ನ ಯಾರು ಬರದಾರ್ರಿ?"

"ಮತ್ಯಾರು, ನಮ್ಮ ಅಮೋಲ," ಎಂದಳು ಕಸ್ತೂರೆವ್ವ. "ಇಂವಾ ದೇವರ ಖೋಲಿ ಬರದ್ರೂ ಜೋಡಿ ಟ್ರಾಲಿ ಹೊಳ್ಳೂವಷ್ಟ ಜಾಗಾ ಬಿಡ್ತಾನ. ಹನ್ನೆರಡು ವರ್ಷದಾಂವ ಇದ್ದಾಗಿಂದ ಕಬ್ಬಿನ ದಾರಿ ಹಾಕೂದು ಬಿಟ್ರ ಬ್ಯಾರೆ ದಾರಿ ನೋಡಿಲ್ಲ ನನ್ನ ಮಗಾ."

ಅಷ್ಟರಲ್ಲಿ ಅಮೋಲ ಹಿತ್ತಲಿನಿಂದ ಬಂದ. ಸಾರಿಕಾಳಿಗೆ ತನ್ನ ದನಿಯೇ ಬೇರೆಯಾಗಿ ಕೇಳಿಸಿತು. "ಅಮೋಲಣ್ಣಾ, ಎಂಟ ಫೂಟು ಯಾಕ ಬರದ್ರಿ?"

"ಈ ಮನಿಗೂ ಎಂಟ ತಗದೀವಲ್ಲ. ಎರಿಮಣ್ಣು ದಾಟಿ ಗಟ್ಟಿ ಹತ್ತೂಮಟಾ ತಗೀಬೇಕು, ತಗದ ಮಣ್ಣ ಹೊಲಕ್ಕ ಸಾಗಸಬೇಕು. ಇಲ್ಲಂದ್ರ ಗ್ವಾಡಿ ಸೀಳತಾವು."

"ಅದು ಎರಿಮಣ್ಣಿಗಿರಿ. ಉಸುಕಿಗೆ?"

ಅವನು ಕಣ್ಣು ಪಿಳುಕಿಸಿದ. "ಉಸುಕಿನ್ಯಾಗ ಯಾರ ಮನಿ ಕಟ್ಟ್ಯಾರ ಅಕ್ಕಾ ನಮ್ಮೂರಾಗ? ಅದು ನನಗೇನ ಗೊತ್ತು? ಗೊತ್ತಿಲ್ಲಂತನ ನಿನ್ನ ಹಂತೇಕ ಬಂದದ್ದು."

"ನಾನ ಕಳಿಸಿದ್ದು," ಎಂದರು ಬಾಬಾಸಾಹೇಬ, ಕೈಯೊಳಗಿನ ಹೊಟ್ಟು ಊದುತ್ತ. "ಮೂಡಣ ಕಡೆ ಉಸುಕು ಜ್ಞಾನೂಂದು. ಅಲ್ಲಿ ಕಾಲ ಇಡೂ ಮೊದಲ ಅವರನ್ನ ಕೇಳು, ಅವರ ಮಗಳ ಕೈಲೆನ ದಾರಿ ಬರಸು, ತಪ್ಪಾಂಗಿಲ್ಲ ಅಂತ ಇವಗ ಹೇಳಿದ್ದೆ. ಯಾಕ, ಈ ದಾರಿ ಸರಿ ಬರೂದಿಲ್ಲೇನು? ಸರಿ ಬರದಿದ್ರ ಅಳಸು. ದೋಣ್ಯಾಗ ಬರಲಿ ಪುಣೆ ಮಂದಿ, ಕಾಲ ತೊಯ್ಯಲಿ."

ಸಾರಿಕಾ ಉಡಿಯ ಸೀತನಿಯನ್ನು ಬುಟ್ಟಿಗೆ ಸುರಿದು ಎದ್ದು ನಿಂತಳು. ಆಮೇಲೆ ಹೇಳಿದಳು. ಅರ್ಜಿ, ಝೆರಾಕ್ಸು, ಕೆಂಪು ಸುತ್ತು, ಏನೂ ಬಿಡದೆ ಹೇಳಿದಳು.

ಬಾಬಾಸಾಹೇಬ ಕೇಳಿದ್ದು ಒಂದೇ. "ಯಾರ ಕೊಡಿಸಿದ್ರು ಅರ್ಜಿ?"

"ಯಾರೂ ಇಲ್ರಿ. ನಾನ ಕೊಟ್ಟೀನ್ರಿ."

"ಯಾರೋ ಹಿಂದ ಇದ್ದಾರ," ಎಂದರು ಅವರು ಹೆಂಡತಿಗೆ, ಸಾರಿಕಾ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. "ಹೆಣ್ಣಮಗಳು ಒಬ್ಬಾಕಿ ಇಷ್ಟ ಮಾಡಾಂಗಿಲ್ಲ."

ಅಂಗಳದವರೆಗೆ ಬಂದ ಅಮೋಲ. "ಒಂದ ಮಾತ ನನ್ನ ಕೇಳಬೇಕಾಗಿತ್ತಲ್ಲ ಅಕ್ಕಾ."

"ಕೇಳಿದ್ರ ಏನಂತಿದ್ರಿ?"

ಅವನು ಯೋಚಿಸಿದ. "ಇಲ್ಲ ಅಂತಿದ್ದೆ. ಕಳ್ಳ ಆಗಿದ್ರೂ ಇಲ್ಲ ಅಂತಿದ್ದೆ, ಅಲ್ಲದಿದ್ರೂ ಇಲ್ಲ ಅಂತಿದ್ದೆ. ಅದೂ ಖರೇನ."

ಮರುದಿನ ಅರ್ಜಿ ಹಿಂದೆ ಪಡೆಯಲು ಕಚೇರಿಗೆ ಓಡಿದಳು. ಗುಮಾಸ್ತ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನಂಬರ ಬಿದ್ದೈತಿ ಬಾಯಾರ. ಮೊನ್ನೆ ಕಳ್ಳರು ಅಂದ್ರಿ, ಇವತ್ತ ಅಲ್ಲ ಅಂತೀರಿ. ಯಾರರೆ ಹೆದರಿಸ್ಯಾರೇನ? ಇಲ್ಲಾ ಸಮಾಧಾನ ಆತೋ?" ಅವಳು ಹೇಳಿದ್ದನ್ನು ಅವನು ನಂಬಲಿಲ್ಲ. ಅವನ ಕುರ್ಚಿಯಲ್ಲಿ ಕೂತಿದ್ದರೆ ಅವಳೂ ನಂಬುತ್ತಿರಲಿಲ್ಲ.

ಮಾರ್ಚಿನ ಮೊದಲ ವಾರ ಅಳತೆಯವರು ಬಂದರು. ಹಳೆಯ ನಕ್ಷೆ ಹರಡಿ, ಮೂರು ಕಾಲಿನ ಯಂತ್ರ ನಿಲ್ಲಿಸಿ, ಎರಡು ದಿನ ಅಳೆದರು. ಬಾಬಾಸಾಹೇಬರ ಭೂಮಿ ದಿಬ್ಬದ ಅಂಚಿಗೇ ಮುಗಿದಿತ್ತು. ಮೂಡಣದ ಉಸುಕು ಯಾರ ಹೆಸರಿನ ಉತಾರದಲ್ಲೂ, ಪಹಣಿಯಲ್ಲೂ ಇರಲಿಲ್ಲ. ಅದು ಹೊಳೆ ಆಮೇಲೆ ತಂದು ಹಾಕಿದ್ದು, ಹೊಳೆಯ ಪಾತ್ರದ್ದು, ಸರಕಾರದ್ದು. ಬಾಬಾಸಾಹೇಬ ಅಂದು ಗುಡಿಯ ಕಟ್ಟೆಯ ಮೇಲೆ ನಿಂತು ಕೊಟ್ಟದ್ದು ತಮ್ಮದಲ್ಲದ ನೆಲ. ಅದು ಅವರಿಗೂ ಗೊತ್ತಿರಲಿಲ್ಲ, ಜ್ಞಾನದೇವನಿಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಯಾರೂ ಅಳೆಯದೆ ಇದ್ದದ್ದರಿಂದ ನಡೆದುಕೊಂಡು ಬಂದಿತ್ತು. ಇನ್ನು ಅಲ್ಲಿ ವಾಹನ ಇಳಿಯುವಂತಿಲ್ಲ, ಉಸುಕು ಎತ್ತುವಂತಿಲ್ಲ, ಸಾಗುವಳಿಯೂ ಮಾಡುವಂತಿಲ್ಲ. ಮಹಾಪೂರ ಏರುವ ಜಾಗ, ದಿಬ್ಬದ ಮೇಲೆ ಕಟ್ಟಡವೂ ಬೇಡ ಎಂದು ಬರೆದುಕೊಂಡರು.

ಸಾರಿಕಾ ಹೋದಾಗ ಅಳತೆಯ ಸಾಹೇಬರು ಅಕ್ಕುತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಸುತ್ತ ಬಳ್ಳಿ ಹಬ್ಬಿತ್ತು, ಮುಷ್ಟಿಯಷ್ಟು ಕಾಯಿ ಕಟ್ಟಿದ್ದವು.

"ಈ ಸಲದ ಬೆಳಿ ತಗೋರಿ ಅವ್ವಾ, ನಾ ನೋಡಿಲ್ಲ ಅಂತೀನಿ. ಮುಂದಿನ ವರ್ಷ ಮಾತ್ರ ಬ್ಯಾಡ."

ಅವರು ಆಚೆ ಹೋದ ಮೇಲೆ ಅಕ್ಕುತಾಯಿ ಕಾಯಿಗಳಿಗೆ ಬಿಸಿಲು ಬಡಿಯದಂತೆ ಹುಲ್ಲು ಹೊದಿಸುತ್ತ ಹೋದಳು. "ಯಾರೋ ಅರ್ಜಿ ಕೊಟ್ಟಾರಂತ. ಅಮೋಲನ ಕೊಟ್ಟಾನ ತಗೊ. ತಾ ಮಾತ ಮುರದ್ರ ಕೆಟ್ಟ ಕಾಣ್ತೈತಿ ಅಂತ, ಸರಕಾರದ ಕೈಲೆ ಮಾಡಿಸ್ಯಾನ."

"ಅಮೋಲ ಅಲ್ಲ ಯವ್ವಾ. ನಾ ಕೊಟ್ಟೀನಿ."

ಅಕ್ಕುತಾಯಿಯ ಕೈ ಹುಲ್ಲಿನ ಮೇಲೆ ನಿಂತಿತು. ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು. ಸಂತೆಯಲ್ಲಿ ಎದುರಿನವನು ಹೇಳುವುದು ಖರೆಯೋ ಸುಳ್ಳೋ ಎಂದು ನೋಡುವ ಹಾಗೆ ನೋಡಿದಳು. ನಂಬಿದಳೋ ಇಲ್ಲವೋ, ತಿರುಗಿ ಮುಂದಿನ ಕಾಯಿಗೆ ಹುಲ್ಲು ಹೊದಿಸಿದಳು.

ಸಂಜೆಯ ಒಳಗೆ ಸರಕಾರದ ಆಳುಗಳು ಉಸುಕಿನ ಸುತ್ತ ಕೆಂಪು ಬಣ್ಣದ ಇಪ್ಪತ್ತಾರು ಗೂಟ ಹೊಡೆದು ಹೋದರು. ಬಾಬಾಸಾಹೇಬರ ಮನೆಯವರು ಯಾರೂ ಅಲ್ಲಿ ಒಂದು ಗೂಟವನ್ನೂ ಹೊಡೆಯಲಿಲ್ಲ. ಕೊಟ್ಟ ಮಾತು ಉಳಿಯಿತು.